ಮಳೆಗಾಲ ದಾಟಿದ ಪೆಟ್ಟಿಗೆಗೇ ತುಪ್ಪ: ಮಲೆನಾಡಿನ ಸಣ್ಣ ಜೇನು ಉದ್ಯಮ ನಡೆಯುವ ಬಗೆ

ಮಲೆನಾಡು, ಕರಾವಳಿ ಮತ್ತು ಕೊಡಗಿನ ತೋಟಗಳಿಗೆ ಜೇನು ಪೆಟ್ಟಿಗೆ ಹೊಸದಲ್ಲ. ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿದ್ದು 1936ರಲ್ಲಿ. ಪುತ್ತೂರಿನಲ್ಲಿಯೂ ಜೇನು ವ್ಯವಸಾಯಗಾರರ ಸಹಕಾರಿ ಸಂಘ ಹಲವು ದಶಕಗಳಿಂದ ರೈತರ ಜೇನುತುಪ್ಪವನ್ನು ಕೊಂಡು ಮಾರುತ್ತ ಬಂದಿದೆ. ಆದರೂ ಈಚಿನ ವರ್ಷಗಳಲ್ಲಿ ಜೇನು ಸಾಕಣೆಯ ಬಗ್ಗೆ ವಿಚಾರಿಸುವವರ ಸಂಖ್ಯೆ ಹೆಚ್ಚಿದೆ. ಅಡಿಕೆಗೆ ಬಂದ ಎಲೆಚುಕ್ಕಿ ರೋಗ ಒಂದೇ ಬೆಳೆಯನ್ನು ನಂಬಿದವರನ್ನು ಕಂಗೆಡಿಸಿದೆ, 2020ರಲ್ಲಿ ಕೇಂದ್ರ ಸರ್ಕಾರ 500 ಕೋಟಿ ರೂಪಾಯಿಗಳ ಜೇನು ಸಾಕಣೆ ಯೋಜನೆಯನ್ನು ಘೋಷಿಸಿದ ಮೇಲೆ ತರಬೇತಿಗಳೂ ಸಹಾಯಧನವೂ ಸುದ್ದಿಯಲ್ಲಿವೆ, ನಗರಗಳಿಂದ ಊರಿಗೆ ಮರಳಿದ ಯುವಕರು ತೋಟದ ನಡುವೆಯೇ ಮಾಡಬಹುದಾದ ಉಪಕಸುಬನ್ನು ಹುಡುಕುತ್ತಿದ್ದಾರೆ.

ಇಂಥವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಎಷ್ಟು ಪೆಟ್ಟಿಗೆ ಇಟ್ಟರೆ ಎಷ್ಟು ಹಣ ಬರುತ್ತದೆ? ಈ ಪ್ರಶ್ನೆಗೆ ಪೆಟ್ಟಿಗೆಗಳ ಸಂಖ್ಯೆಯಿಂದ ಉತ್ತರ ಸಿಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹೂವಿಲ್ಲದ ಕಾಲದಲ್ಲಿ ಎಷ್ಟು ಜೇನು ಕುಟುಂಬಗಳನ್ನು ಬಲವಾಗಿ ಉಳಿಸಿಕೊಂಡಿರಿ ಮತ್ತು ತೆಗೆದ ತುಪ್ಪದಲ್ಲಿ ನೀರಿನ ಅಂಶ ಎಷ್ಟಿತ್ತು ಎಂಬ ಎರಡು ಸಂಗತಿಗಳೇ ಈ ಉದ್ಯಮದ ಲಾಭ ನಷ್ಟವನ್ನು ಬಹುಮಟ್ಟಿಗೆ ತೀರ್ಮಾನಿಸುತ್ತವೆ. ಅದು ಹೇಗೆ ಎಂಬುದನ್ನು ತಿಳಿಯಲು ಜೇನುನೊಣದಿಂದಲೇ ಆರಂಭಿಸಬೇಕು.

ಪೆಟ್ಟಿಗೆಗೆ ಒಗ್ಗುವ ನೊಣ ಯಾವುದು

ನಮ್ಮ ಸುತ್ತ ಕಾಣುವ ಜೇನುಗಳಲ್ಲಿ ಎಲ್ಲವನ್ನೂ ಸಾಕಲು ಬರುವುದಿಲ್ಲ. ದೊಡ್ಡ ಮರಗಳ ಕೊಂಬೆ, ಬಂಡೆ, ನೀರಿನ ಟ್ಯಾಂಕುಗಳ ಅಡಿಯಲ್ಲಿ ಒಂದೇ ದೊಡ್ಡ ಎರಿ (ಪುಟ್ಟ ಕಣಗಳಿರುವ ಮೇಣದ ಹಾಳೆ) ಕಟ್ಟುವ ಹೆಜ್ಜೇನು ಬಯಲಿನಲ್ಲಿ ಬದುಕುವ ಸ್ವಭಾವದ್ದು. ಕತ್ತಲೆಯ ಪೆಟ್ಟಿಗೆಯೊಳಗೆ ಅದು ನಿಲ್ಲುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಕೊಡಗು ಮತ್ತು ಮೈಸೂರು ಸೀಮೆಯ ಜೇನುಕುರುಬರು ತಲೆಮಾರುಗಳಿಂದ ಕಾಡಿನಲ್ಲಿ ಇಳಿಸುತ್ತ ಬಂದಿರುವುದು ಮುಖ್ಯವಾಗಿ ಈ ಜೇನನ್ನು. ಪೊದೆಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವ ಕೋಲುಜೇನು ಸಹ ಸಾಕಣೆಗೆ ಬರುವುದಿಲ್ಲ.

ಮರದ ಪೊಟರೆ, ಹುತ್ತ, ಗೋಡೆಯ ಸಂದುಗಳಲ್ಲಿ ಒಂದರ ಪಕ್ಕ ಒಂದರಂತೆ ಹಲವು ಎರಿಗಳನ್ನು ಕಟ್ಟುವ ತುಡುವೆ ಜೇನು ಪೆಟ್ಟಿಗೆಗೆ ಒಗ್ಗುತ್ತದೆ. ಮಲೆನಾಡಿನ ಜೇನು ಕೃಷಿ ನಿಂತಿರುವುದೇ ಇದರ ಮೇಲೆ. 1960ರ ದಶಕದಲ್ಲಿ ಉತ್ತರ ಭಾರತದಲ್ಲಿ ನೆಲೆಗೊಳಿಸಿದ ಯುರೋಪಿನ ಮೆಲ್ಲಿಫೆರಾ ನೊಣ ಹೆಚ್ಚು ತುಪ್ಪ ಕೊಡುತ್ತದೆ, ನಿಜ. ಆದರೆ ಅದರ ಕುಟುಂಬ ದೊಡ್ಡದು, ಮೇವಿನ ಅಗತ್ಯವೂ ದೊಡ್ಡದು. ಸೂರ್ಯಕಾಂತಿ, ಸಾಸಿವೆ, ನೀಲಗಿರಿ ಹೂಬಿಡುವ ಕಡೆಗೆ ಪೆಟ್ಟಿಗೆಗಳನ್ನು ಲಾರಿಯಲ್ಲಿ ಸಾಗಿಸುತ್ತ ಹೋಗಬಲ್ಲವರಿಗೆ ಅದು ಹೊಂದುತ್ತದೆ. ಹಿತ್ತಿಲಿನಲ್ಲಿ, ತೋಟದಲ್ಲಿ ಹತ್ತಿಪ್ಪತ್ತು ಪೆಟ್ಟಿಗೆ ಇಟ್ಟು ಮನೆಯಿಂದಲೇ ನೋಡಿಕೊಳ್ಳುವವರಿಗೆ ಸ್ಥಳೀಯ ಹವೆಗೆ ಹೊಂದಿಕೊಂಡ ತುಡುವೆಯೇ ಸರಿಯಾದ ಆಯ್ಕೆ. ಮುಳ್ಳಿಲ್ಲದ ಮುಜಂಟಿ ಜೇನನ್ನೂ ಸಣ್ಣ ಪೆಟ್ಟಿಗೆ, ಮಡಕೆ, ಬಿದಿರಿನ ಅಂಡೆಗಳಲ್ಲಿ ಸಾಕುತ್ತಾರೆ. ಅದರ ತುಪ್ಪ ಬಹಳ ಕಡಿಮೆ, ಬೆಲೆ ಬಹಳ ಹೆಚ್ಚು. ಇಲ್ಲಿಂದ ಮುಂದೆ ಹೇಳುವುದೆಲ್ಲ ತುಡುವೆಯ ವಿಚಾರ.

ಪೆಟ್ಟಿಗೆಯೊಳಗಿನ ಸಂಸಾರ

ಒಂದು ಜೇನು ಕುಟುಂಬದಲ್ಲಿ ಒಂದೇ ರಾಣಿ, ಕೆಲವು ಸಾವಿರ ಕೆಲಸಗಾರ ನೊಣಗಳು ಮತ್ತು ಋತುವಿಗೆ ತಕ್ಕಂತೆ ಹೆಚ್ಚುಕಡಿಮೆಯಾಗುವ ಗಂಡುನೊಣಗಳು ಇರುತ್ತವೆ. ಮೊಟ್ಟೆ ಇಡುವುದು ರಾಣಿ ಮಾತ್ರ. ಮರಿಗಳಿಗೆ ಉಣಿಸುವುದು, ಎರಿ ಕಟ್ಟುವುದು, ಕಾವಲು ಕಾಯುವುದು, ಮಕರಂದ ಮತ್ತು ಪರಾಗ ತರುವುದು, ಇವೆಲ್ಲ ಕೆಲಸಗಾರ ನೊಣಗಳ ಪಾಲಿನವು, ಮತ್ತು ಅವೆಲ್ಲವೂ ಹೆಣ್ಣು. ಗಂಡುನೊಣಕ್ಕೆ ಹೊಸ ರಾಣಿಯೊಂದಿಗೆ ಆಕಾಶದಲ್ಲಿ ಕೂಡುವುದರ ಹೊರತು ಬೇರೆ ಕೆಲಸವಿಲ್ಲ.

ಜೇನು ಕೃಷಿಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಲೆಕ್ಕ ಒಂದಿದೆ. ರಾಣಿ ಇಟ್ಟ ಮೊಟ್ಟೆ ಕೆಲಸಗಾರ ನೊಣವಾಗಿ ಹೊರಬರಲು ಸುಮಾರು ಮೂರು ವಾರ ಬೇಕು. ಹೊರಬಂದ ನೊಣ ಮೊದಲ ಎರಡು ಮೂರು ವಾರ ಗೂಡಿನ ಒಳಗಿನ ಕೆಲಸ ಮಾಡಿ, ಆಮೇಲೆ ಹೂವಿಗೆ ಹೋಗಲು ಆರಂಭಿಸುತ್ತದೆ. ಅಂದರೆ ಫೆಬ್ರುವರಿಯ ಹೂವಿನಿಂದ ಮಕರಂದ ತರಬೇಕಾದ ನೊಣದ ಮೊಟ್ಟೆ ಡಿಸೆಂಬರ್ ಕೊನೆಯ ಹೊತ್ತಿಗೇ ಎರಿಯಲ್ಲಿ ಇರಬೇಕು. ಹೂವು ಬಿರಿದ ಮೇಲೆ ಕುಟುಂಬವನ್ನು ಬೆಳೆಸಲು ಹೊರಟರೆ ನೊಣಗಳ ಸಂಖ್ಯೆ ಹೆಚ್ಚುವಷ್ಟರಲ್ಲಿ ಹೂವು ಮುಗಿದಿರುತ್ತದೆ. ಒಂದೇ ತೋಟದಲ್ಲಿ, ಒಂದೇ ಹೂವಿನ ನಡುವೆ ಇರುವ ಎರಡು ಪೆಟ್ಟಿಗೆಗಳಲ್ಲಿ ಒಂದು ಹತ್ತು ಕಿಲೋ ಕೊಟ್ಟು ಇನ್ನೊಂದು ಏನೂ ಕೊಡದಿರುವುದಕ್ಕೆ ಹೆಚ್ಚಾಗಿ ಇದೇ ಕಾರಣ.

ನೊಣಗಳು ಎರಿಗಳ ನಡುವೆ ತಾವು ಓಡಾಡಲು ಒಂದು ನಿಶ್ಚಿತ ಅಳತೆಯ ಜಾಗ ಬಿಡುತ್ತವೆ. ಅದಕ್ಕಿಂತ ಕಡಿಮೆ ಜಾಗವಿದ್ದರೆ ಅಲ್ಲಿ ಓಡಾಡಲಾರವು, ಹೆಚ್ಚಿದ್ದರೆ ಅಲ್ಲಿ ಇನ್ನೊಂದು ಎರಿ ಕಟ್ಟುತ್ತವೆ. ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಈ ಅಳತೆಯ ಮಹತ್ವವನ್ನು ಕಂಡುಕೊಂಡು, ಎತ್ತಿ ನೋಡಿ ಮತ್ತೆ ಇಡಬಹುದಾದ ಚೌಕಟ್ಟುಗಳ ಪೆಟ್ಟಿಗೆಯನ್ನು ರೂಪಿಸಿದರು. ಅದೇ ತತ್ವದ ಮೇಲೆ, ತುಡುವೆಯ ಗಾತ್ರಕ್ಕೆ ಹೊಂದುವ ಸಣ್ಣ ಪೆಟ್ಟಿಗೆಯನ್ನು 20ನೇ ಶತಮಾನದ ಆರಂಭದಲ್ಲಿ ದಕ್ಷಿಣ ಭಾರತದಲ್ಲಿ ಫಾದರ್ ನ್ಯೂಟನ್ ಸಿದ್ಧಪಡಿಸಿದರು. ಇಂದಿಗೂ ನ್ಯೂಟನ್ ಪೆಟ್ಟಿಗೆ ಎಂಬ ಹೆಸರಿನಲ್ಲಿಯೇ ಅದು ಬಳಕೆಯಲ್ಲಿದೆ. ಕೆಳಗಿನ ಕೋಣೆಯಲ್ಲಿ ರಾಣಿಯೂ ಮರಿಗಳೂ ಇರುವ ಸಂಸಾರ, ಮೇಲಿನ ಗಿಡ್ಡ ಕೋಣೆಯಲ್ಲಿ ತುಪ್ಪ. ಮೇಲಿನದನ್ನಷ್ಟೇ ನಾವು ತೆಗೆದುಕೊಳ್ಳಬೇಕು. ಕೆಳಗಿನ ಎರಿಗಳ ಅಂಚಿನಲ್ಲಿರುವ ತುಪ್ಪ ಕುಟುಂಬದ ಊಟ.

ಮಕರಂದ ತುಪ್ಪವಾಗುವ ಬಗೆ

ಹೂವಿನಲ್ಲಿ ಇರುವುದು ತುಪ್ಪವಲ್ಲ, ತೆಳುವಾದ ಸಕ್ಕರೆ ನೀರು. ನೊಣ ಅದನ್ನು ಹೊಟ್ಟೆಯ ಮುಂಭಾಗದಲ್ಲಿರುವ ಚೀಲದಲ್ಲಿ ತುಂಬಿಕೊಂಡು ಬಂದು ಗೂಡಿನ ಒಳಗಿನ ನೊಣಗಳಿಗೆ ಬಾಯಿಂದ ಬಾಯಿಗೆ ದಾಟಿಸುತ್ತದೆ. ಈ ಹಾದಿಯಲ್ಲಿ ನೊಣಗಳ ಗ್ರಂಥಿಗಳಿಂದ ಸೇರುವ ಕಿಣ್ವಗಳು ಮಕರಂದದ ಸುಕ್ರೋಸ್ ಎಂಬ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಸರಳ ಸಕ್ಕರೆಗಳಾಗಿ ಒಡೆಯುತ್ತವೆ. ಆಮೇಲೆ ಅದನ್ನು ಎರಿಯ ಕಣಗಳಲ್ಲಿ ತೆಳುವಾಗಿ ಹರಡಿ, ಸಾಲಾಗಿ ನಿಂತ ನೊಣಗಳು ರೆಕ್ಕೆ ಬಡಿದು ಗಾಳಿ ಹಾಯಿಸುತ್ತವೆ. ಹಂಗಾಮಿನ ರಾತ್ರಿಗಳಲ್ಲಿ ಪೆಟ್ಟಿಗೆಗೆ ಕಿವಿಗೊಟ್ಟರೆ ಕೇಳಿಸುವ ಗುಂಯ್ ಎಂಬ ಏಕನಾದ ಈ ಕೆಲಸದ್ದೇ.

ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕುದಿಸಿ ಜೋನಿ ಬೆಲ್ಲದ ಹದಕ್ಕೆ ತರುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೊಪ್ಪರಿಗೆಯ ಕೆಳಗೆ ಬೆಂಕಿ ಮಾಡುವ ಕೆಲಸವನ್ನು ಇಲ್ಲಿ ರೆಕ್ಕೆಯ ಗಾಳಿ ಮಾಡುತ್ತದೆ. ಹದ ಬರುವ ಮೊದಲೇ ಇಳಿಸಿದ ಜೋನಿ ಬೆಲ್ಲ ಕೆಲವೇ ವಾರಗಳಲ್ಲಿ ಹುಳಿಯಾಗುವ ಹಾಗೆಯೇ, ನೀರು ಹೆಚ್ಚಿರುವ ತುಪ್ಪವೂ ಹುಳಿಯುತ್ತದೆ.

ತುಪ್ಪ ಹದಕ್ಕೆ ಬಂತೆಂದು ನೊಣಗಳಿಗೆ ತಿಳಿದಾಗ ಆ ಕಣವನ್ನು ಮೇಣದ ತೆಳು ಪದರದಿಂದ ಮುಚ್ಚುತ್ತವೆ. ತುಪ್ಪ ತೆಗೆಯುವವರಿಗೆ ಕಣ್ಣಿಗೆ ಕಾಣುವ ಒಳ್ಳೆಯ ಗುರುತು ಇದೇ. ಚೌಕಟ್ಟಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕಣಗಳಿಗೆ ಮೇಣ ಮುಚ್ಚಿದ್ದರೆ ಅದು ತೆಗೆಯಲು ಯೋಗ್ಯ. ಮುಚ್ಚದ ಎರಿಯನ್ನು ಅಡ್ಡ ಹಿಡಿದು ಕೊಡವಿದಾಗ ಹನಿ ಹನಿಯಾಗಿ ಬಿದ್ದರೆ ಅದು ಇನ್ನೂ ಮಕರಂದವೇ.

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದ ಪ್ರಕಾರ ಜೇನುತುಪ್ಪದಲ್ಲಿ ನೀರಿನ ಅಂಶ ಶೇಕಡಾ 20ನ್ನು ಮೀರುವಂತಿಲ್ಲ. ಮಲೆನಾಡು ಮತ್ತು ಕರಾವಳಿಯ ತೇವಭರಿತ ಹವೆಯಲ್ಲಿ, ಅದರಲ್ಲೂ ತುಡುವೆ ತುಪ್ಪದಲ್ಲಿ, ಈ ಮಿತಿಯೊಳಗೆ ಇರುವುದು ಸುಲಭವಲ್ಲ. ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ, ಹೇಗೂ ಮಳೆಗಾಲ ಬಂತು, ಇದ್ದದ್ದನ್ನೆಲ್ಲ ತೆಗೆಯೋಣ ಎಂದು ಅವಸರದಿಂದ ಹಿಂಡಿದ ತುಪ್ಪವೇ ಹೆಚ್ಚಾಗಿ ನೊರೆ ಕಟ್ಟಿ ಬಾಟಲಿಯ ಮುಚ್ಚಳ ಉಬ್ಬಿಸುವುದು. ತುಪ್ಪಕ್ಕೆ ಗಾಳಿಯ ತೇವವನ್ನು ಹೀರುವ ಗುಣ ಇರುವುದರಿಂದ, ಹದವಾಗಿದ್ದ ತುಪ್ಪವೂ ತೆರೆದ ಪಾತ್ರೆಯಲ್ಲಿ ಉಳಿದರೆ ನೀರಾಗುತ್ತದೆ. ರಿಫ್ರ್ಯಾಕ್ಟೋಮೀಟರ್ ಎಂಬ ಅಂಗೈಯಲ್ಲಿ ಹಿಡಿಯುವ ಉಪಕರಣದ ಗಾಜಿನ ಮೇಲೆ ಒಂದು ಹನಿ ತುಪ್ಪ ಸವರಿ, ಬೆಳಕಿಗೆ ಹಿಡಿದು ನೋಡಿದರೆ ನೀಲಿ ಮತ್ತು ಬಿಳಿ ಭಾಗಗಳು ಸೇರುವ ಗೆರೆ ನೀರಿನ ಪ್ರಮಾಣವನ್ನು ತೋರಿಸುತ್ತದೆ. ಮಾರಾಟಕ್ಕೆ ಇಳಿಯುವವರು ಚಂದದ ಲೇಬಲ್ಲಿಗಿಂತ ಮೊದಲು ಇದಕ್ಕೆ ಹಣ ಹಾಕುವುದು ಒಳ್ಳೆಯದು.

ಹೂವಿನ ಲೆಕ್ಕ, ಮಳೆಯ ಲೆಕ್ಕ

ತುಡುವೆ ನೊಣ ಸಾಮಾನ್ಯವಾಗಿ ಗೂಡಿನಿಂದ ಸುಮಾರು ಒಂದು ಕಿಲೋಮೀಟರ್ ಆಸುಪಾಸಿನಲ್ಲಿ ಮೇಯುತ್ತದೆ. ಆದ್ದರಿಂದ ನಮ್ಮ ತೋಟದಲ್ಲಿ ಏನಿದೆ ಎನ್ನುವುದರ ಜೊತೆಗೆ ನೆರೆಯವರ ತೋಟ, ಬೇಲಿ, ಸೊಪ್ಪಿನ ಬೆಟ್ಟ, ಹತ್ತಿರದ ಕಾಡಿನಲ್ಲಿ ಯಾವಾಗ ಯಾವ ಹೂವು ಬಿರಿಯುತ್ತದೆ ಎನ್ನುವುದೂ ಮುಖ್ಯ. ಅಡಿಕೆ ಮತ್ತು ತೆಂಗಿನ ಹಿಂಗಾರದಿಂದ ನೊಣಗಳಿಗೆ ಪರಾಗ ಸಿಗುತ್ತದೆ. ಪರಾಗ ಮರಿಗಳ ಆಹಾರ, ಅದಿಲ್ಲದೆ ಕುಟುಂಬ ಬೆಳೆಯದು. ಆದರೆ ಅಡಿಕೆ ತೋಟವೊಂದನ್ನೇ ನಂಬಿದರೆ ತುಪ್ಪ ತುಂಬುವುದಿಲ್ಲ. ನೇರಳೆ, ಮತ್ತಿ, ಹೊಂಗೆಯಂತಹ ಮರಗಳು, ಸೀಗೆಯಂತಹ ಬಳ್ಳಿಗಳು, ಅಂಚಿನ ಕಾಡುಗಿಡಗಳು ಇರುವ ಕಡೆ ತುಪ್ಪ ಹೆಚ್ಚು.

ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆ ರಬ್ಬರ್ ತೋಟಗಳು ಜೇನಿಗೆ ದೊಡ್ಡ ಆಸರೆ. ರಬ್ಬರಿನಲ್ಲಿ ಸಿಹಿರಸ ಒಸರುವುದು ಎಲೆಯ ತೊಟ್ಟಿನಲ್ಲಿರುವ ಗ್ರಂಥಿಗಳಿಂದ. ಎಲೆ ಉದುರಿ ಹೊಸ ಚಿಗುರು ಬರುವ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಪೆಟ್ಟಿಗೆಗಳನ್ನು ಅಲ್ಲಿಗೆ ಸಾಗಿಸುವವರಿದ್ದಾರೆ. ಕೊಡಗು, ಮೂಡಿಗೆರೆ, ಸಕಲೇಶಪುರದ ಕಡೆ ಹೂಮಳೆ ಬಿದ್ದ ಒಂದು ವಾರ ಹತ್ತು ದಿನಗಳಲ್ಲಿ ಕಾಫಿ ಒಮ್ಮೆಲೇ ಬಿರಿಯುತ್ತದೆ. ಆ ಹೂವು ಕೆಲವೇ ದಿನ ಇರುತ್ತದೆ, ಆ ದಿನಗಳಿಗೆ ಸಿದ್ಧವಾದ ನೊಣಗಳಿದ್ದರೆ ಮಾತ್ರ ಪ್ರಯೋಜನ. ಇಲ್ಲಿ ತೋಟಕ್ಕೂ ಲಾಭವಿದೆ. ರೊಬಸ್ಟಾ ಕಾಫಿಗೆ ಬೇರೆ ಗಿಡದ ಪರಾಗವೇ ಬೇಕು, ಏಲಕ್ಕಿಯಂತೂ ಕಾಯಿ ಕಚ್ಚಲು ಜೇನನ್ನೇ ನಂಬಿದೆ. ತುಪ್ಪದ ಆದಾಯವನ್ನು ಮಾತ್ರ ಎಣಿಸುವವರು ಈ ಭಾಗವನ್ನು ಮರೆಯುತ್ತಾರೆ.

ಜೂನ್ ಬಂದೊಡನೆ ಚಿತ್ರ ಬದಲಾಗುತ್ತದೆ. ಎಡೆಬಿಡದ ಮಳೆಯಲ್ಲಿ ನೊಣ ಹೊರಬರಲಾರದು, ಬಂದರೂ ಹೂವಿನಲ್ಲಿ ರಸವಿರುವುದಿಲ್ಲ. ಆಹಾರ ಕಡಿಮೆಯಾದಂತೆ ರಾಣಿ ಮೊಟ್ಟೆ ಇಡುವುದನ್ನು ತಗ್ಗಿಸುತ್ತದೆ, ಹಳೆಯ ನೊಣಗಳು ಸಾಯುತ್ತವೆ, ಕುಟುಂಬ ಕುಗ್ಗುತ್ತದೆ. ನೊಣಗಳಿಲ್ಲದ ಖಾಲಿ ಎರಿಗೆ ಮೇಣದ ಹುಳು ಬೀಳುತ್ತದೆ. ಒಂದು ಹಂತ ಮೀರಿದರೆ ಇಡೀ ಕುಟುಂಬ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ. ಇದು ತುಡುವೆಯ ಹುಟ್ಟುಗುಣ, ಹಸಿವಾದಾಗ ಅದು ಜಾಗ ಬಿಡುತ್ತದೆ. ಬೇಸಿಗೆಯಲ್ಲಿ ಕೊನೆಯ ಹನಿಯವರೆಗೂ ತುಪ್ಪ ತೆಗೆದ ಪೆಟ್ಟಿಗೆಗಳು ಆಗಸ್ಟ್ ಹೊತ್ತಿಗೆ ಖಾಲಿಯಾಗುವುದು ಆಶ್ಚರ್ಯವಲ್ಲ.

ಈ ಕಾಲದಲ್ಲಿ ಸಕ್ಕರೆಯನ್ನೂ ನೀರನ್ನೂ ಸಮ ಪ್ರಮಾಣದಲ್ಲಿ ಕರಗಿಸಿದ ಪಾಕವನ್ನು ವಾರಕ್ಕೊಮ್ಮೆ, ಸ್ವಲ್ಪ ಸ್ವಲ್ಪವಾಗಿ, ಪೆಟ್ಟಿಗೆಯ ಒಳಗೇ ಇಡಬೇಕು. ಸಂಜೆ ಇಡುವುದು ಮುಖ್ಯ. ಹಗಲಿನಲ್ಲಿ ಇಟ್ಟರೆ, ಅಥವಾ ಹೊರಗೆ ಚೆಲ್ಲಿದರೆ, ಬಲವಾದ ಕುಟುಂಬದ ನೊಣಗಳು ದುರ್ಬಲ ಪೆಟ್ಟಿಗೆಗೆ ನುಗ್ಗಿ ದೋಚುತ್ತವೆ. ಖಾಲಿ ಎರಿಗಳನ್ನು ತೆಗೆದು ನೊಣಗಳನ್ನು ಕಡಿಮೆ ಚೌಕಟ್ಟುಗಳಲ್ಲಿ ಒತ್ತಾಗಿ ಇಡಬೇಕು. ತೀರಾ ಸಣ್ಣದಾದ ಎರಡು ಕುಟುಂಬಗಳನ್ನು ಒಂದು ಮಾಡುವುದು ಎರಡನ್ನೂ ಕಳೆದುಕೊಳ್ಳುವುದಕ್ಕಿಂತ ಉತ್ತಮ. ಅಕ್ಟೋಬರ್‌ನಿಂದ ಹೂವುಗಳು ಮರಳಿದಾಗ ಇಂತಹ ಕುಟುಂಬಗಳೇ ವೇಗವಾಗಿ ಬೆಳೆದು, ಒಂದನ್ನು ಎರಡು ಕುಟುಂಬಗಳಾಗಿ ಪಾಲು ಮಾಡುವ ಹದಕ್ಕೆ ಬರುತ್ತವೆ.

ಮೇಲಿನ ಕೋಣೆ ಇಟ್ಟು ತುಪ್ಪದ ಹಂಗಾಮು ಆರಂಭವಾದ ಮೇಲೆ ಪಾಕವನ್ನು ಸಂಪೂರ್ಣವಾಗಿ ನಿಲ್ಲಿಸಬೇಕು. ಕೊಟ್ಟರೆ ನೊಣ ಅದನ್ನೂ ಕಣದಲ್ಲಿ ತುಂಬಿ ಮೇಣ ಮುಚ್ಚುತ್ತದೆ. ನೋಡಲು ಅದು ತುಪ್ಪವೇ, ವಾಸ್ತವದಲ್ಲಿ ಸಕ್ಕರೆ. ಮಳೆಗಾಲದ ಸಕ್ಕರೆ ಕುಟುಂಬವನ್ನು ಉಳಿಸುವ ಆಹಾರ, ಹಂಗಾಮಿನ ಸಕ್ಕರೆ ಕಲಬೆರಕೆ. ಈ ವ್ಯತ್ಯಾಸವನ್ನು ಗ್ರಾಹಕರಿಗೂ ಮುಚ್ಚುಮರೆಯಿಲ್ಲದೆ ತಿಳಿಸಬಹುದು.

ಪೆಟ್ಟಿಗೆ ತೆರೆದಾಗ ನೋಡಬೇಕಾದದ್ದು

ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ, ಬಿಸಿಲಿರುವ ಹೊತ್ತಿನಲ್ಲಿ ಪೆಟ್ಟಿಗೆ ತೆರೆಯುತ್ತಾರೆ. ಹೊಗೆತಿದಿಯಿಂದ ಎರಡು ಮೂರು ಸಲ ತಣ್ಣನೆಯ ಹೊಗೆ ಕೊಟ್ಟರೆ ಸಾಕು. ಹೊಗೆ ತಾಗಿದಾಗ ನೊಣಗಳು ಗೂಡಿಗೆ ಬೆಂಕಿಯ ಅಪಾಯವಿದೆ ಎಂಬಂತೆ ತುಪ್ಪ ಹೀರಿಕೊಳ್ಳುವುದರಲ್ಲಿ ತೊಡಗುತ್ತವೆ, ಜೊತೆಗೆ ಕುಟುಕುವಾಗ ಹರಡುವ ಎಚ್ಚರಿಕೆಯ ವಾಸನೆಯನ್ನು ಹೊಗೆ ಮಸುಕುಗೊಳಿಸುತ್ತದೆ. ಪೆಟ್ಟಿಗೆಯ ಎದುರು ನಿಲ್ಲದೆ ಪಕ್ಕದಲ್ಲಿ ನಿಂತು, ಅಂಚಿನ ಚೌಕಟ್ಟನ್ನು ಮೊದಲು ಎತ್ತಿ, ಜಾಗ ಮಾಡಿಕೊಂಡು ಒಳಗಿನವನ್ನು ಒಂದೊಂದಾಗಿ ನೋಡಬೇಕು.

ಚೌಕಟ್ಟನ್ನು ಬೆಳಕಿಗೆ ಹಿಡಿದಾಗ ಕಣದ ತಳದಲ್ಲಿ ಅಕ್ಕಿಯ ನುಚ್ಚಿನ ಗಾತ್ರದ ಬಿಳಿ ಮೊಟ್ಟೆ ನೆಟ್ಟಗೆ ನಿಂತಿರುವುದು ಕಂಡರೆ, ಕಳೆದ ಮೂರು ದಿನಗಳೊಳಗೆ ಅಲ್ಲಿ ರಾಣಿ ಇತ್ತು ಎಂದರ್ಥ. ರಾಣಿಯನ್ನೇ ಹುಡುಕಿ ಹೊತ್ತು ಕಳೆಯಬೇಕಾಗಿಲ್ಲ. ಒಂದು ಕಣಕ್ಕೆ ಒಂದೇ ಮೊಟ್ಟೆ ಇರಬೇಕು. ಎರಡು ಮೂರು ಮೊಟ್ಟೆಗಳು ಕಣದ ಗೋಡೆಗೆ ಅಂಟಿಕೊಂಡಿದ್ದರೆ, ರಾಣಿ ಇಲ್ಲದೆ ಕೆಲಸಗಾರ ನೊಣಗಳೇ ಮೊಟ್ಟೆ ಇಡತೊಡಗಿವೆ ಎಂದು ತಿಳಿಯಬೇಕು. ಅದರಿಂದ ಹುಟ್ಟುವುದು ಗಂಡುನೊಣಗಳು ಮಾತ್ರ. ಎರಿಯ ಕೆಳ ಅಂಚಿನಲ್ಲಿ ಶೇಂಗಾದಂತೆ ಜೋತುಬಿದ್ದ ಉದ್ದನೆಯ ಕೋಶ ಕಂಡರೆ ಹೊಸ ರಾಣಿ ತಯಾರಾಗುತ್ತಿದೆ, ಕುಟುಂಬ ಪಾಲಾಗಲಿದೆ. ಆಗ ನಾವೇ ಪಾಲು ಮಾಡಿ ಇನ್ನೊಂದು ಪೆಟ್ಟಿಗೆಗೆ ಹಾಕದಿದ್ದರೆ ಅರ್ಧದಷ್ಟು ನೊಣಗಳು ಹಳೆಯ ರಾಣಿಯೊಂದಿಗೆ ಹೊರಟುಹೋಗುತ್ತವೆ.

ಉಳಿದಂತೆ ಇರುವೆ ಬಾರದಂತೆ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡುವುದು, ಅಡಿಹಲಗೆ ಗುಡಿಸುವುದು, ಕಣಜ ಮತ್ತು ಹಲ್ಲಿಗಳ ಮೇಲೆ ಕಣ್ಣಿಡುವುದು ದಿನನಿತ್ಯದ ಕೆಲಸಗಳು. ಹೂವಿನ ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸುವ ನೆರೆಯವರೊಂದಿಗೆ ಮೊದಲೇ ಮಾತಾಡಿಕೊಂಡು, ಸಂಜೆಯ ನಂತರ ಸಿಂಪಡಿಸುವಂತೆ ಕೇಳಿಕೊಳ್ಳುವುದು ಅಷ್ಟೇ ಅಗತ್ಯ. ಕುಟುಕಿದ ಜಾಗದಲ್ಲಿ ಊತ, ಉರಿ ಸಹಜ. ಉಸಿರಾಟದ ತೊಂದರೆ, ಮೈಯೆಲ್ಲ ದದ್ದು, ತಲೆಸುತ್ತು ಬಂದರೆ ಅದು ಅಲರ್ಜಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

1991–92 ಕಲಿಸಿದ ಪಾಠ

ಹಿರಿಯ ಜೇನು ಕೃಷಿಕರು ಕಾಲವನ್ನು ರೋಗಕ್ಕೆ ಮೊದಲು, ರೋಗದ ನಂತರ ಎಂದು ವಿಂಗಡಿಸಿ ಮಾತಾಡುವುದುಂಟು. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶಮಾಡಿತು. ಕೊಡಗು, ದಕ್ಷಿಣ ಕನ್ನಡಗಳಲ್ಲಿ ಸಾವಿರಾರು ಪೆಟ್ಟಿಗೆಗಳು ಬರಿದಾದವು, ಹಲವರು ಈ ಕಸುಬನ್ನೇ ಬಿಟ್ಟರು. ರೋಗ ತಗಲಿದ ಮರಿ ಕೋಶಾವಸ್ಥೆಗೆ ಹೋಗುವ ಮೊದಲೇ ನೀರು ತುಂಬಿದ ಸಣ್ಣ ಚೀಲದಂತಾಗಿ, ತಲೆಯ ಭಾಗ ಮೇಲೆದ್ದು ಸಾಯುತ್ತದೆ.

ಈ ವೈರಸ್ಸಿಗೆ ಔಷಧಿಯಿಲ್ಲ. ಆಂಟಿಬಯಾಟಿಕ್‌ಗಳು ವೈರಸ್ಸಿನ ಮೇಲೆ ಕೆಲಸ ಮಾಡುವುದಿಲ್ಲ, ಅವುಗಳ ಉಳಿಕೆ ತುಪ್ಪದಲ್ಲಿ ಸೇರುತ್ತದೆ ಅಷ್ಟೇ. ರೋಗ ಕಂಡ ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಹಾಕದಿರುವುದು, ಕೈ ಮತ್ತು ಉಪಕರಣಗಳನ್ನು ತೊಳೆಯುವುದು, ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸಿ ಸೋಂಕಿನ ಸರಪಳಿ ಕಡಿಯುವುದು, ರೋಗ ತಾಳಿಕೊಂಡ ಕುಟುಂಬಗಳಿಂದಲೇ ಹೊಸ ಪಾಲು ಮಾಡುವುದು, ಇವೇ ಇರುವ ಉಪಾಯಗಳು. ದೂರದ ಊರಿನಿಂದ ಅಗ್ಗಕ್ಕೆ ಸಿಕ್ಕ ಕುಟುಂಬಗಳನ್ನು ತರುವಾಗ ರೋಗವನ್ನೂ ತರುವ ಸಾಧ್ಯತೆ ಇರುವುದರಿಂದ, ಹತ್ತಿರದ ನಂಬಿಗಸ್ತರಿಂದ ಕೊಳ್ಳುವುದು ಲೇಸು.

ಎರಿಯಿಂದ ಬಾಟಲಿಗೆ

ಮೇಣ ಮುಚ್ಚಿದ ಚೌಕಟ್ಟಿನ ಮೇಲ್ಪದರವನ್ನು ಚೂರಿಯಿಂದ ಕೆತ್ತಿ, ಕೈಯಿಂದ ತಿರುಗಿಸುವ ತುಪ್ಪ ತೆಗೆಯುವ ಯಂತ್ರದಲ್ಲಿ ನಿಲ್ಲಿಸಿ ತಿರುಗಿಸಿದರೆ ತುಪ್ಪ ಸಿಡಿದು ಡ್ರಮ್ಮಿನ ಗೋಡೆಗೆ ಬಿದ್ದು ಕೆಳಗಿಳಿಯುತ್ತದೆ. ಎರಿ ಹಾಳಾಗದೆ ಉಳಿಯುವುದರಿಂದ ಅದನ್ನು ಮತ್ತೆ ಪೆಟ್ಟಿಗೆಗೆ ಇಡಬಹುದು. ಮೇಣ ಒಸರಲು ನೊಣಗಳು ಅದರ ಹಲವು ಪಟ್ಟು ತುಪ್ಪವನ್ನು ತಿನ್ನಬೇಕಾಗುವುದರಿಂದ, ಉಳಿಸಿದ ಪ್ರತಿಯೊಂದು ಎರಿಯೂ ಉಳಿಸಿದ ತುಪ್ಪವೇ. ಎರಿಯನ್ನು ಕೈಯಲ್ಲಿ ಹಿಂಡಿದರೆ ಮರಿ, ಪರಾಗ, ಕೊಳೆ ಎಲ್ಲ ಸೇರಿ ತುಪ್ಪ ಬೇಗ ಕೆಡುತ್ತದೆ.

ಶೋಧಿಸಿದ ತುಪ್ಪವನ್ನು ಮುಚ್ಚಿದ ಸ್ಟೀಲ್ ಪಾತ್ರೆಯಲ್ಲಿ ಕೆಲವು ದಿನ ಬಿಟ್ಟರೆ ನೊರೆ, ಮೇಣದ ಚೂರು ಮೇಲೆ ತೇಲುತ್ತವೆ. ಅವನ್ನು ತೆಗೆದು ಬಾಟಲಿಗೆ ತುಂಬಬೇಕು. ಕುದಿಸುವುದು ಸಲ್ಲದು. ಬಿಸಿ ಹೆಚ್ಚಾದರೆ ಕಿಣ್ವಗಳು ನಾಶವಾಗಿ, ಎಚ್‌ಎಂಎಫ್ ಎಂಬ ರಾಸಾಯನಿಕ ಹೆಚ್ಚುತ್ತದೆ. ಮಾನದಂಡದಲ್ಲಿ ಅದಕ್ಕೆ ಕಿಲೋಗೆ 80 ಮಿಲಿಗ್ರಾಂ ಮಿತಿಯಿದೆ. ಹಳೆಯದಾದ, ಬಿಸಿಲಿನಲ್ಲಿ ಇಟ್ಟ ತುಪ್ಪದಲ್ಲಿಯೂ ಇದು ಏರುತ್ತದೆ.

ಶುದ್ಧತೆಯನ್ನು ತಿಳಿಯುವುದು ಹೇಗೆ

ನೀರಿಗೆ ಹನಿ ಬಿಡುವುದು, ಬತ್ತಿಗೆ ಸವರಿ ಹಚ್ಚುವುದು, ಹೆಬ್ಬೆರಳ ಮೇಲೆ ನಿಲ್ಲಿಸಿ ನೋಡುವುದು, ಈ ಮನೆಪರೀಕ್ಷೆಗಳು ತುಪ್ಪ ಎಷ್ಟು ಗಟ್ಟಿಯಿದೆ ಎಂಬುದನ್ನು ಮಾತ್ರ ಹೇಳುತ್ತವೆ. ಗಟ್ಟಿ ಸಕ್ಕರೆ ಪಾಕ ಇವೆಲ್ಲವನ್ನೂ ಗೆಲ್ಲುತ್ತದೆ, ನೀರಿನ ಅಂಶ ತುಸು ಹೆಚ್ಚಿರುವ ಅಪ್ಪಟ ತುಡುವೆ ತುಪ್ಪ ಸೋಲುತ್ತದೆ.

ಹರಳುಗಟ್ಟುವುದು ಸಕ್ಕರೆ ಬೆರೆಸಿದ್ದರ ಗುರುತು ಎಂಬ ನಂಬಿಕೆಯೂ ತಪ್ಪು. ಗ್ಲೂಕೋಸ್ ಹೆಚ್ಚಿರುವ ತುಪ್ಪ ತಾನಾಗಿಯೇ ಹರಳುಗಟ್ಟುತ್ತದೆ. ಸೂರ್ಯಕಾಂತಿ ಜೇನು ಬೇಗ, ಬೇರೆ ಕೆಲವು ತಡವಾಗಿ. ಬಾಟಲಿಯನ್ನು ಕೈಗೆ ತಾಳುವಷ್ಟು ಬಿಸಿಯ ನೀರಿನಲ್ಲಿ ಇಟ್ಟರೆ ಮತ್ತೆ ಕರಗುತ್ತದೆ.

ನಿಜವಾದ ಪರೀಕ್ಷೆ ಪ್ರಯೋಗಾಲಯದ್ದು. ಕಬ್ಬು ಮತ್ತು ಮೆಕ್ಕೆಜೋಳದ ಸಕ್ಕರೆಯಲ್ಲಿರುವ ಇಂಗಾಲದ ಸ್ವರೂಪ ಬಹುತೇಕ ಹೂಗಿಡಗಳ ಸಕ್ಕರೆಯದಕ್ಕಿಂತ ಭಿನ್ನವಾಗಿರುವುದರಿಂದ ಅವುಗಳ ಬೆರಕೆಯನ್ನು ಕಂಡುಹಿಡಿಯಬಹುದು. ಅಕ್ಕಿಯಿಂದ ಮಾಡಿದ ಪಾಕ ಆ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಮಾರುಕಟ್ಟೆಯ 13 ಬ್ರಾಂಡುಗಳ ಜೇನನ್ನು ಪರೀಕ್ಷೆ ಮಾಡಿಸಿದಾಗ, ಎನ್‌ಎಂಆರ್ ಎಂಬ ಹೆಚ್ಚು ಸೂಕ್ಷ್ಮ ವಿಧಾನವೂ ಸೇರಿದಂತೆ ಎಲ್ಲ ಪರೀಕ್ಷೆಗಳಲ್ಲಿ ತೇರ್ಗಡೆಯಾದವು ಮೂರು ಮಾತ್ರ ಎಂದು ವರದಿ ಮಾಡಿತು. ಗೊತ್ತಿರುವ ತೋಟದ, ಗೊತ್ತಿರುವ ಕೈಯ ತುಪ್ಪಕ್ಕೆ ಆಮೇಲೆ ಬೇಡಿಕೆ ಹೆಚ್ಚಿದ್ದು ಸಹಜವೇ. ಸಣ್ಣ ಉತ್ಪಾದಕರಿಗೆ ಇದು ಅವಕಾಶವೂ ಹೌದು, ಹೊಣೆಯೂ ಹೌದು.

ಮಾರಾಟದ ನಿಯಮ ಮತ್ತು ಹಣದ ಲೆಕ್ಕ

ಬಾಟಲಿಗೆ ತುಂಬಿ ಮಾರುವ ತುಪ್ಪ ಕಾನೂನಿನ ದೃಷ್ಟಿಯಲ್ಲಿ ಆಹಾರ ಪದಾರ್ಥ. ಆದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಣಿ ಬೇಕು. ಸಣ್ಣ ವಹಿವಾಟಿಗೆ ಸರಳ ನೋಂದಣಿ ಸಾಕು, ವಹಿವಾಟು ಹೆಚ್ಚಿದರೆ ಪರವಾನಗಿ ಪಡೆಯಬೇಕು. ಲೇಬಲ್ಲಿನ ಮೇಲೆ ನೋಂದಣಿ ಸಂಖ್ಯೆ, ಉತ್ಪಾದಕರ ಹೆಸರು ವಿಳಾಸ, ನಿವ್ವಳ ತೂಕ, ತುಂಬಿದ ದಿನಾಂಕ, ಬಳಕೆಯ ಅವಧಿ, ಗರಿಷ್ಠ ಮಾರಾಟ ಬೆಲೆ ಇರಬೇಕು. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬಾರದು ಎಂಬ ಸೂಚನೆಯನ್ನೂ ಹಾಕುವುದು ಒಳಿತು. ತುಪ್ಪದಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಶಿಶುಗಳ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು.

ಊರಿನಲ್ಲಿ ಬಾಟಲಿ ಲೆಕ್ಕದಲ್ಲಿ ಮಾರುವವರು ತೂಕದ ವಿಚಾರ ಗಮನಿಸಬೇಕು. ತುಪ್ಪ ನೀರಿಗಿಂತ ಭಾರ, ಒಂದು ಲೀಟರ್ ಸುಮಾರು 1.4 ಕಿಲೋ ತೂಗುತ್ತದೆ. 750 ಮಿಲಿಲೀಟರಿನ ಬಾಟಲಿಯಲ್ಲಿ ಒಂದು ಕಿಲೋಗಿಂತ ಹೆಚ್ಚೇ ಇರುತ್ತದೆ. ಅದನ್ನು ಮುಕ್ಕಾಲು ಕಿಲೋ ಎಂದು ಎಣಿಸಿ ಬೆಲೆ ಕಟ್ಟಿದರೆ ನಷ್ಟ ಉತ್ಪಾದಕರಿಗೇ.

ಆದಾಯವನ್ನು ಅಂದಾಜು ಮಾಡುವ ಬಗೆಗೆ ಒಂದು ಉದಾಹರಣೆ ನೋಡಬಹುದು. ಇಲ್ಲಿನ ಬೆಲೆಗಳು ಊಹೆಯವು, ಅವರವರ ಊರಿನ ದರ ಹಾಕಿಕೊಳ್ಳಬೇಕು. ತುಡುವೆಯ ಒಂದು ಪೆಟ್ಟಿಗೆ ಸಾಧಾರಣ ವರ್ಷದಲ್ಲಿ 5ರಿಂದ 10 ಕಿಲೋ ಕೊಡುತ್ತದೆ. 20 ಪೆಟ್ಟಿಗೆಗಳಿಂದ ತಲಾ 6 ಕಿಲೋ ಸಿಕ್ಕರೆ 120 ಕಿಲೋ ಆಯಿತು. ನೇರವಾಗಿ ಕಿಲೋಗೆ 600 ರೂಪಾಯಿಯಂತೆ ಮಾರಿದರೆ 72,000 ರೂಪಾಯಿ, ಸಗಟಾಗಿ 350ರಂತೆ ಕೊಟ್ಟರೆ 42,000 ರೂಪಾಯಿ. ಖರ್ಚಿನ ಕಡೆ, ಮಳೆಗಾಲದ ಸಕ್ಕರೆ ಪೆಟ್ಟಿಗೆಗೆ 4 ಕಿಲೋ ಎಂದರೆ ಒಟ್ಟು 80 ಕಿಲೋ, ಅದಕ್ಕೆ 3,600 ರೂಪಾಯಿ. ಹಾರಿಹೋದ ನಾಲ್ಕು ಕುಟುಂಬಗಳ ಬದಲಿಗೆ ಹೊಸದನ್ನು ತಲಾ 2,000ಕ್ಕೆ ಕೊಂಡರೆ 8,000. ಪೆಟ್ಟಿಗೆ, ಸ್ಟ್ಯಾಂಡು, ಉಪಕರಣಗಳಿಗೆ ಹಾಕಿದ ಸುಮಾರು 62,000 ರೂಪಾಯಿಯನ್ನು ಎಂಟು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 7,750. ಅರ್ಧ ಕಿಲೋ ಬಾಟಲಿ, ಲೇಬಲ್ಲಿಗೆ 6,000. ನೇರ ಮಾರಾಟದಲ್ಲಿ 46,650 ರೂಪಾಯಿ ಉಳಿದರೆ, ಬಾಟಲಿಯ ಖರ್ಚಿಲ್ಲದ ಸಗಟಿನಲ್ಲಿ ಉಳಿಯುವುದು 22,650. ಸ್ವಂತ ದುಡಿಮೆಯ ಕೂಲಿಯೂ, ಕುಟುಂಬಗಳನ್ನು ಮೊದಲು ಕೊಂಡ ಹಣವೂ ಇದರಲ್ಲಿ ಸೇರಿಲ್ಲ.

ನೇರ ಮಾರಾಟದಿಂದ ಬರುವ ಲಾಭ ಯಾರಿಗೂ ಕಾಣುತ್ತದೆ. ಲೆಕ್ಕದ ಇನ್ನೊಂದು ಭಾಗ ಅಷ್ಟಾಗಿ ಕಾಣದು. ಹತ್ತು ಕುಟುಂಬಗಳು ಮಳೆಗಾಲದಲ್ಲಿ ಹೋದರೆ ಮರಳಿ ಕೊಳ್ಳುವ ಖರ್ಚು 20,000ಕ್ಕೆ ಏರುತ್ತದೆ, ಹೊಸದಾಗಿ ಕೊಂಡ ಸಣ್ಣ ಕುಟುಂಬಗಳು ಆ ವರ್ಷ ತುಪ್ಪವನ್ನೂ ಸರಿಯಾಗಿ ಕೊಡುವುದಿಲ್ಲ. ಬದಲಿಗೆ ಎಲ್ಲವೂ ಉಳಿದು, ಡಿಸೆಂಬರ್ ಹೊತ್ತಿಗೆ ಐದಾರನ್ನು ಪಾಲು ಮಾಡಲು ಬಂದರೆ ಕುಟುಂಬಗಳನ್ನು ಮಾರಿಯೇ ಆದಾಯ ಗಳಿಸಬಹುದು. ಅನುಭವಿಗಳಲ್ಲಿ ಹಲವರಿಗೆ ತುಪ್ಪದಷ್ಟೇ ಆದಾಯ ಇದರಿಂದ ಬರುತ್ತದೆ.

ಎಲ್ಲಿಂದ, ಯಾವಾಗ ಆರಂಭಿಸಬೇಕು

ತರಬೇತಿಗೆ ಜಿಲ್ಲೆಯ ತೋಟಗಾರಿಕೆ ಇಲಾಖೆಯನ್ನು ಕೇಳಬಹುದು. ಭಾಗಮಂಡಲದಲ್ಲಿ ಇಲಾಖೆಯದೇ ಜೇನು ತರಬೇತಿ ಕೇಂದ್ರವಿದೆ. ಪೆಟ್ಟಿಗೆ ಮತ್ತು ಕುಟುಂಬಗಳಿಗೆ ಸಹಾಯಧನ ಇದೆಯೇ, ಯಾರಿಗೆ ಎಷ್ಟು ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆ ಸಾಲಿನ ಆದೇಶವನ್ನೇ ವಿಚಾರಿಸಬೇಕು. ಸಹಾಯಧನ ಸಿಗುತ್ತದೆ ಎಂಬ ಕಾರಣಕ್ಕೆ ಮೊದಲ ವರ್ಷವೇ ಇಪ್ಪತ್ತು ಪೆಟ್ಟಿಗೆ ತರುವುದಕ್ಕಿಂತ, ಎರಡರಿಂದ ಆರಂಭಿಸುವುದು ಕ್ಷೇಮ. ಒಂದೇ ಇದ್ದರೆ ಹೋಲಿಸಿ ನೋಡಲು ಇನ್ನೊಂದಿಲ್ಲ, ರಾಣಿ ಸತ್ತರೆ ಮೊಟ್ಟೆಯಿರುವ ಎರಿ ಎರವಲು ಕೊಡಲು ಪಕ್ಕದ ಪೆಟ್ಟಿಗೆಯೂ ಇರುವುದಿಲ್ಲ.

ಕುಟುಂಬ ಕೊಳ್ಳಲು ಹೊಂದುವ ಕಾಲ ಅಕ್ಟೋಬರ್ ಕೊನೆಯಿಂದ ಡಿಸೆಂಬರ್. ಮಳೆ ಹಿಂದೆಗೆದಿರುತ್ತದೆ, ಹೂವು ಬರತೊಡಗಿರುತ್ತದೆ, ಹಂಗಾಮಿಗೆ ಮೊದಲು ಕುಟುಂಬ ಬೆಳೆಯಲು ಸಮಯವಿರುತ್ತದೆ. ಕೊಳ್ಳುವಾಗ ಪೆಟ್ಟಿಗೆಯನ್ನು ತೆರೆಸಿ ಕನಿಷ್ಠ ನಾಲ್ಕು ಚೌಕಟ್ಟುಗಳ ತುಂಬ ನೊಣ, ಮೊಟ್ಟೆ, ಮುಚ್ಚಿದ ಮರಿಕಣಗಳು ಇವೆಯೇ ಎಂದು ನೋಡಬೇಕು. ಬೆಳಗಿನ ಎಳೆಬಿಸಿಲು ಬೀಳುವ, ಮಧ್ಯಾಹ್ನ ನೆರಳಿರುವ, ನೀರು ಹತ್ತಿರವಿರುವ, ದನಕರು ಮತ್ತು ಮಕ್ಕಳು ಓಡಾಡದ ಜಾಗದಲ್ಲಿ, ಬಾಗಿಲು ಪೂರ್ವಕ್ಕೆ ಬರುವಂತೆ ಇಡಬೇಕು. ಸಾಗಿಸುವುದು ರಾತ್ರಿಯೇ ಆಗಬೇಕು, ಕತ್ತಲಾದ ಮೇಲೆ ನೊಣಗಳೆಲ್ಲ ಗೂಡಿಗೆ ಬಂದಿರುತ್ತವೆ. ಮೊದಲ ಬೇಸಿಗೆಯಲ್ಲಿ ಮೇಲಿನ ಕೋಣೆಯಿಂದ ಸಿಗುವಷ್ಟನ್ನು ಮಾತ್ರ ತೆಗೆದು, ಮೇ ಕೊನೆಯ ವಾರದ ಹೊತ್ತಿಗೆ ಸಂಸಾರ ಕೋಣೆಯ ಅಂಚಿನ ಎರಿಗಳಲ್ಲಿ ಮೇಣ ಮುಚ್ಚಿದ ತುಪ್ಪ ಉಳಿದಿದೆಯೇ ಎಂದು ಪರೀಕ್ಷಿಸಿ, ಇಲ್ಲದ ಪೆಟ್ಟಿಗೆಗಳಿಗೆ ಜೂನ್ ಮೊದಲ ವಾರದಿಂದಲೇ ಪಾಕ ಇಡಲು ಆರಂಭಿಸಬೇಕು.